ಖಾಲಿ ಕೈಯಲ್ಲಿ ಹೋಗಬೇಡಿ: ಕಾನೂನು ಲೈಬ್ರೇರಿಯನ್ನರ ವಿದೇಶಿ ಸಮ್ಮೇಳನ, ನಿಮ್ಮ ಪ್ರಶ್ನೆಗಳು

ಲಾ ಕಾಲೇಜು, ಕೋರ್ಟು, ವಕೀಲರ ಸಂಘದ ಲೈಬ್ರರಿಗಳಲ್ಲಿ ಕೆಲಸ ಮಾಡುವ ಓದುಗರು ಕಳಿಸಿದ ಪ್ರಶ್ನೆಗಳು ಇಲ್ಲಿವೆ. ಬಹುಕಾಲ ಕಾನೂನು ಲೈಬ್ರರಿಯಲ್ಲಿದ್ದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಉತ್ತರಿಸಿದ್ದಾರೆ.

ಮೇಡಂ, ಹದಿನಾಲ್ಕು ವರ್ಷದಿಂದ ಲಾ ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿದ್ದೇನೆ. ಕಾನೂನು ಲೈಬ್ರೇರಿಯನ್ನರಿಗೆ ಅಂತಲೇ ವಿದೇಶದಲ್ಲಿ ಸಮ್ಮೇಳನ ನಡೆಯುತ್ತವಂತೆ. ಪ್ರಿನ್ಸಿಪಾಲರ ಹತ್ತಿರ ಮಾತು ತೆಗೆದೆ. 'ಪುಸ್ತಕ ಇಲ್ಲಿವೆ, ನೀವು ಅಲ್ಲಿ ಹೋಗಿ ಏನು ಮಾಡ್ತೀರಿ?' ಅಂತ ನಕ್ಕರು. ನಿಜಕ್ಕೂ ಹೋಗುವುದರಲ್ಲಿ ಅರ್ಥ ಇದೆಯಾ? ಇದ್ದರೆ ಯಾವುದಕ್ಕೆ? — ಓದುಗರು, ಧಾರವಾಡ

ಅರ್ಥ ಇದೆ. ಆದರೆ ಎಲ್ಲದಕ್ಕೂ ಅಲ್ಲ, ಎಲ್ಲರಿಗೂ ಅಲ್ಲ.

ಮೊದಲು ಯಾವ ಯಾವುದಿದೆ ನೋಡೋಣ. ಹೆಸರುಗಳು ಅವಳಿ ಮಕ್ಕಳ ಹಾಗಿವೆ, ಗೊಂದಲ ಆಗುತ್ತದೆ. ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಲಾ ಲೈಬ್ರರೀಸ್ 1959ರಲ್ಲಿ ಶುರುವಾದ ಸಂಘ. ಇದು ಯಾವ ಒಂದು ದೇಶದ್ದೂ ಅಲ್ಲ. ಅಮೆರಿಕನ್ ಅಸೋಸಿಯೇಷನ್ ಆಫ್ ಲಾ ಲೈಬ್ರರೀಸ್ 1906ರದ್ದು, ಅಮೆರಿಕದವರದ್ದು. ಅದರ ವಾರ್ಷಿಕ ಸಭೆ ಜುಲೈನಲ್ಲಿ, ಪ್ರತಿ ವರ್ಷ ಬೇರೆ ಊರಲ್ಲಿ. 2023ರಲ್ಲಿ ಬಾಸ್ಟನ್, 2024ರಲ್ಲಿ ಶಿಕಾಗೋ, 2025ರಲ್ಲಿ ಪೋರ್ಟ್‌ಲ್ಯಾಂಡ್. ಬ್ರಿಟನ್, ಐರ್ಲೆಂಡಿನವರು ಸೇರಿ 1969ರಲ್ಲಿ ಕಟ್ಟಿಕೊಂಡ ಸಂಘವೂ ಒಂದಿದೆ. ಇವಲ್ಲದೆ ಎಲ್ಲ ಬಗೆಯ ಲೈಬ್ರರಿಗಳಿಗೂ ದೊಡ್ಡಣ್ಣನಂತಿರುವ ಇಫ್ಲಾ ಇದೆ. 1927ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ್ದು. ಅದರೊಳಗೆ ಕಾನೂನು ಲೈಬ್ರರಿಗಳಿಗೆ ಬೇರೆಯೇ ವಿಭಾಗ ಉಂಟು. 1992ರಲ್ಲಿ ಇಫ್ಲಾ ಸಮ್ಮೇಳನ ನಮ್ಮ ದೆಹಲಿಯಲ್ಲೇ ನಡೆದಿತ್ತು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು 1959ರ ಆ ಅಂತರರಾಷ್ಟ್ರೀಯ ಸಂಘದ ವಾರ್ಷಿಕ ಕೋರ್ಸ್. ಹೌದು, ಅವರು ಅದನ್ನು ಸಮ್ಮೇಳನ ಅನ್ನುವುದಿಲ್ಲ, ಕೋರ್ಸ್ ಅನ್ನುತ್ತಾರೆ. ಆ ಹೆಸರಿನಲ್ಲೇ ಅದರ ಗುಣವೂ ಇದೆ. ಯಾವ ದೇಶದಲ್ಲಿ ನಡೆಯುತ್ತದೋ ಆ ದೇಶದ ಕಾನೂನನ್ನು ಅಲ್ಲಿನ ಪ್ರಾಧ್ಯಾಪಕರು, ನ್ಯಾಯಾಧೀಶರಿಂದ ಪಾಠ ಮಾಡಿಸುತ್ತಾರೆ. ಒಂದೇ ಸಭಾಂಗಣ, ಎಲ್ಲರೂ ಒಟ್ಟಿಗೆ ಕೂತು ಕೇಳುವುದು. ಅಮೆರಿಕದ ಸಭೆಯಲ್ಲಿ ಹಾಗಲ್ಲ. ಒಂದೇ ಹೊತ್ತಿಗೆ ಹಲವು ಕೋಣೆಗಳಲ್ಲಿ ಹಲವು ಗೋಷ್ಠಿ. ಜಾತ್ರೆಗೆ ಹೋದ ಮಗುವಿನ ಹಾಗೆ ಎತ್ತ ಹೋಗಬೇಕು ಗೊತ್ತಾಗದೆ ನಿಲ್ಲಬೇಕಾಗುತ್ತದೆ.

ಈ ಕೋರ್ಸ್ 2015ರಲ್ಲಿ ಬರ್ಲಿನ್, 2016ರಲ್ಲಿ ಆಕ್ಸ್‌ಫರ್ಡ್, 2018ರಲ್ಲಿ ಲಕ್ಸೆಂಬರ್ಗ್, 2019ರಲ್ಲಿ ಸಿಡ್ನಿಗೆ ಹೋಯಿತು. 2007ರಲ್ಲಿ ಮುಂಬೈಗೇ ಬಂದಿತ್ತು! ಧಾರವಾಡದಿಂದ ಒಂದು ರಾತ್ರಿಯ ಬಸ್ಸು. 2011ರಲ್ಲಿ ಕ್ವಾಲಾಲಂಪುರದಲ್ಲಿತ್ತು. ಏಷ್ಯಾದಲ್ಲಿ ನಡೆಯುವ ವರ್ಷ ಕಾದು ಹಿಡಿಯಿರಿ. ಖರ್ಚೂ ಕಡಿಮೆ, ವೀಸಾ ತಲೆನೋವೂ ಕಡಿಮೆ.

ಇನ್ನು ನಿಮ್ಮ ಪ್ರಿನ್ಸಿಪಾಲರ ನಗು. ಅವರ ಪ್ರಶ್ನೆ ಸರಿಯಾಗಿಯೇ ಇದೆ, ನಾವು ಕೊಡುವ ಉತ್ತರ ಸರಿಯಿರುವುದಿಲ್ಲ. 'ಜ್ಞಾನ ಹೆಚ್ಚುತ್ತದೆ ಸರ್' ಅಂದರೆ ಯಾರೂ ಒಪ್ಪುವುದಿಲ್ಲ. ಈಗಿನ ಕಾಲದಲ್ಲಿ ಉಪನ್ಯಾಸ ಕೇಳಲು ವಿಮಾನ ಹತ್ತಬೇಕಿಲ್ಲ. ಹೋಗುವುದು ಜನರಿಗಾಗಿ. ನಿಮ್ಮ ಕಾಲೇಜಿನ ಎಲ್‌ಎಲ್‌ಎಂ ವಿದ್ಯಾರ್ಥಿಗೆ ಕೀನ್ಯಾದ ಒಂದು ತೀರ್ಪು ಬೇಕು, ಡೇಟಾಬೇಸಿನಲ್ಲಿ ಸಿಗುತ್ತಿಲ್ಲ ಅಂದುಕೊಳ್ಳಿ. ನೈರೋಬಿಯಲ್ಲಿ ನಿಮ್ಮ ಹೆಸರು ಗೊತ್ತಿರುವ ಒಬ್ಬ ಲೈಬ್ರೇರಿಯನ್ ಇದ್ದರೆ ಮಾರನೇ ಬೆಳಿಗ್ಗೆ ಮೇಲ್‌ನಲ್ಲಿರುತ್ತದೆ. ಇಲ್ಲದಿದ್ದರೆ ಮೂರು ತಿಂಗಳಾದರೂ ಇಲ್ಲ. ಪ್ರಿನ್ಸಿಪಾಲರಿಗೆ ಇದನ್ನು ಹೇಳಿ. ಕಳೆದ ಎರಡು ವರ್ಷದಲ್ಲಿ ನಿಮ್ಮಿಂದ ಹುಡುಕಿಕೊಡಲು ಆಗದೇ ಹೋದ ಕಾಗದಗಳ ಪಟ್ಟಿಯನ್ನೂ ಪಕ್ಕದಲ್ಲಿಡಿ.

ದುಡ್ಡಿನ ಕಥೆ ಏನು ಮೇಡಂ? ನಮ್ಮದು ಅನುದಾನಿತ ಕಾಲೇಜು. ಮ್ಯಾನೇಜ್‌ಮೆಂಟ್ ಒಂದು ಪೈಸೆ ಕೊಡುವುದಿಲ್ಲ. — ಓದುಗರು, ಕಲಬುರಗಿ

ಕೈಯಿಂದ ಪೂರ್ತಿ ಹಾಕಿಕೊಂಡು ಹೋಗಿ ಅಂತ ನಾನು ಯಾರಿಗೂ ಹೇಳಲಾರೆ. ಮಗಳ ಫೀಸು ಕಟ್ಟುವ ದುಡ್ಡಲ್ಲಿ ಸಮ್ಮೇಳನ ಬೇಡ.

ಕೇಳಿದರೆ ಕೊಡುವವರಿದ್ದಾರೆ. ಆ ಅಂತರರಾಷ್ಟ್ರೀಯ ಸಂಘ ತನ್ನ ಕೋರ್ಸಿಗೆ ಬರುವವರಿಗೆ ಬರ್ಸರಿ ಅನ್ನುವ ನೆರವು ಕೊಡುತ್ತದೆ. ಅಮೆರಿಕದ ಸಂಘದೊಳಗೆ ವಿದೇಶಿ ಕಾನೂನು ನೋಡಿಕೊಳ್ಳುವ ಲೈಬ್ರೇರಿಯನ್ನರ ಗುಂಪೊಂದಿದೆ. ಬೇರೆ ದೇಶದವರನ್ನು ತಮ್ಮ ವಾರ್ಷಿಕ ಸಭೆಗೆ ಕರೆಸಲು ಅವರು ಶಾಫರ್ ಗ್ರಾಂಟ್ ಅಂತ ಇಟ್ಟಿದ್ದಾರೆ. ಇಲ್ಲಿ, ಪ್ರಬಂಧ ಮಂಡಿಸುವವರಿಗಾದರೆ ದೆಹಲಿಯ ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನೆಗೆ ನೆರವು ಕೊಡುವ ಕೇಂದ್ರದ ಮಂಡಳಿ) ಕಡೆ ಕೇಳಿ ನೋಡಬಹುದು. ಸುಮ್ನೆ ಕೂತು ಕೇಳಲು ಹೋಗುವವರಿಗೆ ನಮ್ಮಲ್ಲಿ ದುಡ್ಡು ಹುಟ್ಟುವುದು ಕಷ್ಟ.

ಅರ್ಜಿ ಬರೆಯುವಾಗ ನಮ್ಮವರು ಮಾಡುವ ತಪ್ಪು ಒಂದಿದೆ. ಬಡತನ ಹೇಳಿಕೊಳ್ಳುತ್ತಾರೆ. 'ನಮ್ಮದು ಹಿಂದುಳಿದ ಪ್ರದೇಶ, ಸೌಲಭ್ಯ ಇಲ್ಲ, ದಯವಿಟ್ಟು ಅವಕಾಶ ಕೊಡಿ.' ಅರ್ಜಿ ಓದುವವರ ಮುಂದೆ ಇಂಥವು ರಾಶಿ ಬಿದ್ದಿರುತ್ತವೆ. ಅದರ ಬದಲು ನಿಮ್ಮ ಕಪಾಟಿನಲ್ಲಿ ಏನಿದೆ ಹೇಳಿ. ನೀವು ಕಲಬುರಗಿಯವರು. ನಿಮ್ಮ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ಕೋರ್ಟುಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. ಆ ಕಾಲದ ಉರ್ದು ಕಾನೂನು ಪುಸ್ತಕ ನಿಮ್ಮಲ್ಲಿ ಹತ್ತಿದ್ದರೂ ಸಾಕು. ಇಂಥ ಹತ್ತು ಪುಸ್ತಕ ನಮ್ಮಲ್ಲಿವೆ, ಹೀಗೆ ಉಳಿಸಿಕೊಂಡಿದ್ದೇವೆ, ಹೀಗೆ ಸ್ಕ್ಯಾನ್ ಮಾಡಬೇಕೆಂದಿದ್ದೇವೆ ಅಂತ ಬರೆಯಿರಿ. ಲಂಡನ್ನಿನವರು ಅಂಥದ್ದನ್ನು ಬರೆಯಲಾರರು.

ಒಂದು ಮೇಲ್ ಬಂದಿದೆ. 'ಮಾನ್ಯ ವಿದ್ವಾಂಸರೇ' ಅಂತ ಶುರುವಾಗುತ್ತದೆ. ಕಾನೂನು ಮತ್ತು ಗ್ರಂಥಾಲಯ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ನನ್ನನ್ನು ಮುಖ್ಯ ಭಾಷಣಕಾರ್ತಿಯಾಗಿ ಆಯ್ಕೆ ಮಾಡಿದ್ದಾರಂತೆ. ನೋಂದಣಿ ಶುಲ್ಕ ಕಟ್ಟಬೇಕು. ಹೋಗಲೇ? — ಓದುಗರು, ಮಂಗಳೂರು

ಬೇಡ. ಮುಖ್ಯ ಭಾಷಣಕ್ಕೆ ಕರೆದವರು ಶುಲ್ಕ ಕೇಳುವುದಿಲ್ಲ. ಮದುವೆಗೆ ಕರೆದು ಊಟಕ್ಕೆ ಬಿಲ್ ಕೊಟ್ಟ ಹಾಗಾಯಿತು.

ಇದು ಈಗ ದೊಡ್ಡ ದಂಧೆ. ಹೀಗೆ ಪರೀಕ್ಷಿಸಿ. ಅದೇ ಹೋಟೆಲು, ಅದೇ ದಿನ, ಅದೇ ಸಂಘಟಕರ ಹೆಸರಲ್ಲಿ ಇನ್ನೇನು ನಡೆಯುತ್ತಿದೆ ಅಂತ ಹುಡುಕಿ. ದಂತವೈದ್ಯಕೀಯ, ಸಿವಿಲ್ ಎಂಜಿನಿಯರಿಂಗ್, ಮೀನುಗಾರಿಕೆ ಎಲ್ಲ ಒಟ್ಟಿಗೆ ಸಿಕ್ಕರೆ ಅಲ್ಲಿಗೆ ಬಿಟ್ಟುಬಿಡಿ. ಪ್ರಬಂಧ ಕಳಿಸಿದ ಎರಡೇ ದಿನಕ್ಕೆ 'ಒಪ್ಪಿದೆ' ಅಂದರೆ ಅದನ್ನು ಯಾರೂ ಓದಿಲ್ಲ. ಸಂಘಟನಾ ಸಮಿತಿಯಲ್ಲಿ ಹೆಸರಿರುವ ಇಬ್ಬರಿಗೆ, ಅವರ ವಿಶ್ವವಿದ್ಯಾಲಯದ ವಿಳಾಸಕ್ಕೇ ಮೇಲ್ ಬರೆದು ಕೇಳಿ. ಎಷ್ಟೋ ಸಲ ಅವರ ಹೆಸರು ಅಲ್ಲಿರುವುದು ಅವರಿಗೇ ಗೊತ್ತಿರುವುದಿಲ್ಲ.

ನಾನೂ ಒಮ್ಮೆ ಬಿದ್ದಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಹೋಟೆಲಿನ ಕೋಣೆಯಲ್ಲಿ ಹನ್ನೊಂದು ಜನ ಇದ್ದೆವು, ಎಲ್ಲರೂ ಭಾಷಣ ಮಾಡುವವರೇ. ಕೇಳುವವರು ಒಬ್ಬರೂ ಇರಲಿಲ್ಲ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಮಾತ್ರ ತಪ್ಪಿಲ್ಲದೆ ಅಚ್ಚಾಗಿತ್ತು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಓದುತ್ತೇನೆ, ಬರೆಯುತ್ತೇನೆ, ಮಾತಾಡಲು ಹೋದರೆ ತಡವರಿಸುತ್ತೇನೆ. ಅಷ್ಟು ದೊಡ್ಡವರ ಮಧ್ಯೆ ನಾನೇನು ಮಾತಾಡಲಿ? — ಓದುಗರು, ಹಾಸನ

ಈ ಪ್ರಶ್ನೆಗಾಗಿಯೇ ನಾನು ಈ ಸಲದ ಅಂಕಣ ಒಪ್ಪಿಕೊಂಡೆ.

ನನ್ನ ಮೊದಲ ಸಮ್ಮೇಳನದಲ್ಲಿ ಒಂದು ದಿನ ಪೂರ್ತಿ ಕಾಫಿ ಕಪ್ಪು ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಕಾಫಿಯೂ ಚೆನ್ನಾಗಿರಲಿಲ್ಲ. ಎರಡನೇ ದಿನ ಒಬ್ಬಾಕೆ ಬಂದು ಪಕ್ಕದಲ್ಲಿ ನಿಂತರು. ಕ್ವಾಲಾಲಂಪುರದವರು. ನನ್ನ ಕೊರಳಲ್ಲಿದ್ದ ಹೆಸರಿನ ಚೀಟಿ ನೋಡಿ 'ಇಂಡಿಯಾ?' ಅಂದರು. ಹೌದು ಅಂದೆ. 'ಹಾಗಾದರೆ 420 ಗೊತ್ತಲ್ಲ!' ಅಂದು ನಕ್ಕರು.

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. 1860ರ ನಮ್ಮ ಭಾರತೀಯ ದಂಡ ಸಂಹಿತೆಯನ್ನು ಬ್ರಿಟಿಷರು ಸಿಂಗಪುರ, ಮಲೇಷ್ಯಾ, ಬರ್ಮಾ ಕಡೆಗೂ ಹೊತ್ತುಕೊಂಡು ಹೋಗಿದ್ದರು. ಮಲೇಷ್ಯಾದಲ್ಲಿ ಇವತ್ತಿಗೂ ಕೊಲೆಗೆ ಶಿಕ್ಷೆ 302, ವಂಚನೆಗೆ 420. ಅವರ ಸಾಕ್ಷ್ಯ ಕಾಯ್ದೆಯೂ 1872ರ ನಮ್ಮ ಕಾಯ್ದೆಯ ಅಚ್ಚಿನಲ್ಲೇ ಇದೆ. ಅಲ್ಲಿನ ವಕೀಲರು ನಮ್ಮ ಕೋರ್ಟುಗಳ ತೀರ್ಪು ಉದಾಹರಿಸುತ್ತಾರೆ, ನಮ್ಮವರು ಬರೆದ ವ್ಯಾಖ್ಯಾನದ ದಪ್ಪ ಪುಸ್ತಕಗಳನ್ನು ತೆಗೆದು ನೋಡುತ್ತಾರೆ. ಕೀನ್ಯಾ, ಉಗಾಂಡಾ, ಟಾಂಜಾನಿಯಾದ ಸಾಕ್ಷ್ಯ ಕಾನೂನಿಗೂ ಇದೇ ಮೂಲ. ಅಷ್ಟೂ ಹೊತ್ತು ನಾನು ನೆಂಟರ ಮನೆಯಲ್ಲಿ ಅಪರಿಚಿತಳ ಹಾಗೆ ನಿಂತಿದ್ದೆ!

ಆ ಮಹಿಳೆ ಈಗಲೂ ಸಂಪರ್ಕದಲ್ಲಿದ್ದಾರೆ. 2024ರಲ್ಲಿ ಒಂದು ಮೇಲ್ ಬಂತು: 'ನಿಮ್ಮಲ್ಲಿ 420 ಹೋಯಿತಂತೆ, ಹೌದಾ?' ಹೌದು, ಆ ವರ್ಷ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತಲ್ಲ. 420 ಹೋಗಿ 318(4) ಆಯಿತು, 302 ಹೋಗಿ 103 ಆಯಿತು. ಇನ್ನು ಮುಂದೆ ನಮ್ಮ ಹೊಸ ತೀರ್ಪುಗಳಲ್ಲಿ ಬರುವ ಸೆಕ್ಷನ್ ನಂಬರುಗಳು ಅವರ ನಂಬರುಗಳಿಗೆ ಹೊಂದುವುದಿಲ್ಲ. ಅವರಿಗೆ ಹಳೆಯದು-ಹೊಸದು ಜೋಡಿಸಿದ ಪಟ್ಟಿ ಬೇಕಿತ್ತು. ನಮ್ಮಲ್ಲಿ ಪ್ರತಿ ಬಾರ್ ಅಸೋಸಿಯೇಷನ್ನಿನ ಗೋಡೆ ಮೇಲೂ ಅಂಥದ್ದು ತೂಗಾಡುತ್ತಿದೆ. ಕಳಿಸಿದೆ. ಅವರ ಕಡೆಯಿಂದ ಬಂದ ಕೃತಜ್ಞತೆ ನೋಡಿದರೆ ನಾನೇನೋ ನಿಧಿ ಕೊಟ್ಟೆ ಅನ್ನಬೇಕು.

ಅಂದ ಹಾಗೆ, ಹಳೇ ಐಪಿಸಿ ಪುಸ್ತಕಗಳನ್ನು ರದ್ದಿಗೆ ಹಾಕುವ ಉತ್ಸಾಹ ಕೆಲವು ಲೈಬ್ರರಿಗಳಲ್ಲಿ ಕಾಣುತ್ತಿದೆ. ದಯವಿಟ್ಟು ಬೇಡ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೇ ಕಾನೂನೇ. ಆ ಕೇಸುಗಳು ಮೇಲ್ಮನವಿ ಮುಗಿಸುವ ಹೊತ್ತಿಗೆ ನಾವು ಯಾರೂ ಸರ್ವೀಸಿನಲ್ಲಿ ಇರುವುದಿಲ್ಲ.

ಹಾಸನದವರಿಗೆ ಮತ್ತೆ ಬರುತ್ತೇನೆ. ಅಲ್ಲಿ ಬರುವವರಲ್ಲಿ ಜರ್ಮನಿ, ಸ್ಪೇನ್, ಜಪಾನಿನವರೂ ಇರುತ್ತಾರೆ. ಇಂಗ್ಲಿಷ್ ತಡವರಿಸುವವರು ನೀವೊಬ್ಬರೇ ಅಲ್ಲ. ಭಾಷಣ ತಯಾರು ಮಾಡಿಕೊಂಡು ಹೋಗಬೇಡಿ, ಎರಡು ಪ್ರಶ್ನೆ ತಯಾರು ಮಾಡಿಕೊಂಡು ಹೋಗಿ. 'ಬೈಂಡಿಂಗ್ ಬಿಚ್ಚಿಹೋದ ಲಾ ರಿಪೋರ್ಟ್‌ಗಳನ್ನು, ಅಂದರೆ ತೀರ್ಪುಗಳ ಸಂಪುಟಗಳನ್ನು, ನೀವು ಏನು ಮಾಡುತ್ತೀರಿ?' ಇಷ್ಟು ಕೇಳಿದರೆ ಸಾಕು, ಎದುರಿನವರು ಅರ್ಧ ಗಂಟೆ ಮಾತಾಡುತ್ತಾರೆ. ಲೈಬ್ರೇರಿಯನ್ ಯಾವ ದೇಶದವರಾದರೇನು, ಗೆದ್ದಲಿನ ಬಗ್ಗೆ ಮಾತು ಬಂದರೆ ನಿಲ್ಲಿಸುವುದಿಲ್ಲ.

ನಿಮ್ಮ ಊರಿನ ಬಗ್ಗೆಯೂ ಎರಡು ಮಾತು ಇಟ್ಟುಕೊಳ್ಳಿ. ನಮ್ಮ ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೂ ತೀರ್ಪು ಬರೆಯುತ್ತಾರೆ ಅಂದರೆ ಅವರು ಕಣ್ಣರಳಿಸುತ್ತಾರೆ. ಹಳೇ ತೀರ್ಪುಗಳಲ್ಲಿ 'ಎಐಆರ್ ಮೈಸೂರು' (ಎಐಆರ್ ಅಂದರೆ ಆಲ್ ಇಂಡಿಯಾ ರಿಪೋರ್ಟರ್ ಅನ್ನುವ ತೀರ್ಪು ಸಂಪುಟ) ಅಂತ ಇರುವುದು ಯಾಕೆ, ಈಗ ಕರ್ನಾಟಕ ಅಂತ ಇರುವುದು ಯಾಕೆ ಅಂತ ನನ್ನನ್ನು ಮೂರು ಬೇರೆ ಬೇರೆ ದೇಶದವರು ಕೇಳಿದ್ದಾರೆ. 1973ರಲ್ಲಿ ರಾಜ್ಯದ ಹೆಸರು ಬದಲಾದದ್ದು ನಮಗೆ ಶಾಲೆಯ ಪಾಠ. ಹೊರಗಿನ ಕ್ಯಾಟಲಾಗ್ ಮಾಡುವವರಿಗೆ ಒಂದೇ ಹೈಕೋರ್ಟೋ ಎರಡೋ ಅಂತ ತಲೆಕೆಡಿಸಿದ ಒಗಟು.

ಏನೂ ತೋಚದಿದ್ದರೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಹೆಸರು ತೆಗೆಯಿರಿ. ಗ್ರಂಥಾಲಯಗಳ ಬಗ್ಗೆ ಅವರು ಹೇಳಿದ 1931ರ ಐದು ಸೂತ್ರಗಳನ್ನು ಓದದ ಲೈಬ್ರೇರಿಯನ್ ಅಪರೂಪ. ಅವರು ಕೊನೆಯ ವರ್ಷಗಳನ್ನು ಬೆಂಗಳೂರಲ್ಲೇ ಕಳೆದರು, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನುವ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು ಅಂದರೆ ಕೇಳುವವರ ಮುಖ ನೋಡಬೇಕು. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಅವರ ಕೋಲನ್ ವರ್ಗೀಕರಣದಲ್ಲಿ ಕಾನೂನಿಗೆ ಸಿಕ್ಕಿದ್ದು ಕಟ್ಟಕಡೆಯ ಅಕ್ಷರ, ಝಡ್. ಎಲ್ಲ ಮುಗಿದ ಮೇಲೆ ಕೋರ್ಟಿಗೆ ಹೋಗುವುದು ಅಲ್ವಾ, ಅಂತ ನಾನು ತಮಾಷೆ ಮಾಡುತ್ತಿದ್ದೆ. ಕೇಳಿದವರು ನಗುತ್ತಿದ್ದರು.

ವೀಸಾ, ರಜೆ ಎಲ್ಲ ಹೇಗೆ? — ಓದುಗರು, ದಾವಣಗೆರೆ

ಚುಟುಕಾಗಿ ಹೇಳುತ್ತೇನೆ. ಮೊದಲು ಸಂಸ್ಥೆಯ ಅನುಮತಿ ಪತ್ರ, ಎನ್‌ಒಸಿ. ಇದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ, ವೀಸಾಕ್ಕಲ್ಲ. ಫೈಲು ಯಾವ ಮೇಜಿನ ಮೇಲಿದೆ ಅಂತ ವಾರಕ್ಕೊಮ್ಮೆ ಹೋಗಿ ನೋಡಿ. ಓಒಡಿ (ಕರ್ತವ್ಯದ ಮೇಲೆ ಹೊರಗೆ ಹೋದಂತೆ ಲೆಕ್ಕ) ಸಿಗುತ್ತದೋ ಗಳಿಕೆ ರಜೆ ಹಾಕಬೇಕೋ ಮುಂಚೆಯೇ ಬರಹದಲ್ಲಿ ತೆಗೆದುಕೊಳ್ಳಿ.

ಬ್ರಿಟನ್, ಐರ್ಲೆಂಡ್ ಬಿಟ್ಟು ಯುರೋಪಿನ ಹೆಚ್ಚಿನ ದೇಶಗಳಿಗಾದರೆ ಷೆಂಗೆನ್ ವೀಸಾ. ಹೊರಡುವ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಾದರೂ ಹಾಕಿರಬೇಕು. 2024ರಿಂದ ದೊಡ್ಡವರಿಗೆ ಶುಲ್ಕ 90 ಯೂರೊ. 30,000 ಯೂರೊಗೆ ಕಡಿಮೆ ಇಲ್ಲದ ಪ್ರಯಾಣ ವಿಮೆ ಕಡ್ಡಾಯ. ವಾಪಸ್ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಅಮೆರಿಕಕ್ಕೆ ಸಮ್ಮೇಳನಕ್ಕಾಗಿ ಹೋಗುವವರು ಕೇಳುವುದು ಬಿ1. ಸಂದರ್ಶನದ ದಿನ ಸಿಗುವುದೇ ಕಷ್ಟ, ಹಾಗಾಗಿ ಸಮ್ಮೇಳನದ ದಿನ ಗೊತ್ತಾದ ಕೂಡಲೇ ಓಡಿ. ಸಂದರ್ಶನದಲ್ಲಿ 'ಲಾ ಲೈಬ್ರೇರಿಯನ್' ಅಂದರೆ 'ಲಾಯರಾ?' ಅಂತ ಕೇಳುತ್ತಾರೆ. ಅಲ್ಲ, ಲಾಯರುಗಳಿಗೆ ಪುಸ್ತಕ ಹುಡುಕಿಕೊಡುವವಳು ಅನ್ನಿ. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸ್ ಬರದ ಟಿಕೆಟ್ ತೆಗೆಯಬೇಡಿ.

ನಾನು ವಕೀಲರ ಸಂಘದ ಲೈಬ್ರರಿಯಲ್ಲಿದ್ದೇನೆ. ಯುವ ವಕೀಲರು 'ಎಲ್ಲ ಮೊಬೈಲಲ್ಲೇ ಸಿಗುತ್ತೆ, ಎಐ ಕೇಳಿದರೆ ಹೇಳುತ್ತೆ' ಅನ್ನುತ್ತಾರೆ. ಈ ಸಮ್ಮೇಳನಗಳಲ್ಲಿ ಇದಕ್ಕೆ ಏನಾದರೂ ದಾರಿ ಹೇಳುತ್ತಾರಾ? — ಓದುಗರು, ಬೆಂಗಳೂರು

ಈಗಂತೂ ಎಲ್ಲೆಲ್ಲೂ ಇದೇ ಮಾತು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ವಿಮಾನ ಕಂಪನಿಯೊಂದರ ಮೇಲಿನ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಗೇ ಬರೆದುಕೊಟ್ಟರು. ಎದುರು ಪಕ್ಷದವರು ಹುಡುಕಿದರೆ ಅಂಥ ತೀರ್ಪುಗಳೇ ಇಲ್ಲ. 5,000 ಡಾಲರ್ ದಂಡ ಬಿತ್ತು. ಅಷ್ಟು ದೂರ ಯಾಕೆ, 2024ರ ಕೊನೆಯಲ್ಲಿ ನಮ್ಮ ಬೆಂಗಳೂರಲ್ಲೇ ತೆರಿಗೆ ಪ್ರಕರಣದ ಒಂದು ಆದೇಶದೊಳಗೆ ಇಲ್ಲದ ತೀರ್ಪುಗಳು ಸೇರಿಕೊಂಡು, ಆ ಆದೇಶವನ್ನೇ ಹಿಂತೆಗೆದುಕೊಳ್ಳಬೇಕಾಯಿತು.

ಇದು ನಮಗೆ ಕೆಲಸ ಕೊಡುವ ಸಂಗತಿ, ಕಿತ್ತುಕೊಳ್ಳುವುದಲ್ಲ. ಸೈಟೇಷನ್, ಅಂದರೆ ಉಲ್ಲೇಖಿಸಿದ ತೀರ್ಪಿನ ಗುರುತು, ನಿಜವೋ ಸುಳ್ಳೋ ಅಂತ ನೋಡುವುದು ಲೈಬ್ರೇರಿಯನ್ನರ ಹಳೇ ಕಸುಬು. ಸುಪ್ರೀಂ ಕೋರ್ಟ್ 2023ರಲ್ಲಿ ತನ್ನ ವರದಿಗಳನ್ನು ಇ-ಎಸ್‌ಸಿಆರ್ ಅಂತ ಉಚಿತವಾಗಿ ತೆರೆಯಿತು. ಅದೇ ವರ್ಷ ಪ್ರತಿ ತೀರ್ಪಿಗೂ ತನ್ನದೇ ನಂಬರ್ ಕೊಡಲು ಶುರು ಮಾಡಿತು, '2023 ಐಎನ್‌ಎಸ್‌ಸಿ' ಅಂತ ಬರುತ್ತದಲ್ಲ, ಅದು. ನಮ್ಮ ಹೈಕೋರ್ಟಿನ ತೀರ್ಪುಗಳಲ್ಲಿ 'ಕೆಎಚ್‌ಸಿ' ಅಂತ ಇರುತ್ತದೆ. ಯಾವ ಖಾಸಗಿ ಪ್ರಕಾಶಕರ ಪುಸ್ತಕವೂ ಇಲ್ಲದೆ ತೀರ್ಪನ್ನು ಗುರುತಿಸುವ ದಾರಿ ಇದು. ಯುವ ವಕೀಲರಿಗೆ ಹೇಳಿ: ಎಐ ಏನು ಬೇಕಾದರೂ ಹೇಳಲಿ, ಆ ನಂಬರ್ ಕೋರ್ಟಿನ ತಾಣದಲ್ಲಿ ತೆರೆದುಕೊಂಡರೆ ಮಾತ್ರ ಬರೆಯಿರಿ.

ನಾನು ಸಮ್ಮೇಳನದಿಂದ ತಂದುಕೊಂಡ ಇನ್ನೊಂದು ಸಂಗತಿ ಹೇಳುತ್ತೇನೆ. ತೀರ್ಪಿನೊಳಗೆ ಕೊಟ್ಟ ಇಂಟರ್‌ನೆಟ್ ಕೊಂಡಿಗಳು ಸತ್ತುಹೋಗುತ್ತವೆ. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿದ್ದ ಕೊಂಡಿಗಳನ್ನು ಹಾರ್ವರ್ಡ್‌ನವರು ಒತ್ತಿ ನೋಡಿದಾಗ ಅರ್ಧದಷ್ಟರಲ್ಲಿ ಮೂಲ ಮಾಹಿತಿ ಇರಲಿಲ್ಲ. ಹಾಗಾಗಿ ಅಲ್ಲಿನ ಕಾನೂನು ಲೈಬ್ರರಿಯವರು ಪರ್ಮಾ ಅಂತ ಒಂದು ವ್ಯವಸ್ಥೆ ಕಟ್ಟಿದರು. ಪುಟವನ್ನು ಆ ಕ್ಷಣದಲ್ಲಿ ಹೇಗಿತ್ತೋ ಹಾಗೆ ತೆಗೆದಿಡುತ್ತದೆ. ಅಷ್ಟೆಲ್ಲ ಇಲ್ಲದಿದ್ದರೂ ನಿಮ್ಮ ಸಂಘದ ವಕೀಲರು ಅರ್ಜಿಯಲ್ಲಿ ಕೊಂಡಿ ಹಾಕಿದಾಗಲೆಲ್ಲ ಆ ಪುಟವನ್ನು ಪಿಡಿಎಫ್ ಮಾಡಿ, ದಿನಾಂಕ ಬರೆದು ಒಂದು ಫೋಲ್ಡರಿಗೆ ಹಾಕಿಡಿ. ಎರಡು ವರ್ಷ ಬಿಟ್ಟು ಹುಡುಕಿಕೊಂಡು ಬರುತ್ತಾರೆ. ಆಗ ಮೊಬೈಲ್ ಮಾತು ಬರುವುದಿಲ್ಲ.

ಮೇಡಂ, ಪತ್ರ ಮುಗಿಸಿದ ಮೇಲೆ ನೆನಪಾಯಿತು. ಅಲ್ಲಿನವರಿಗೆ ಕೊಡಲು ಏನು ಒಯ್ಯಲಿ? ನಮ್ಮೂರ ಪೇಡಾ ಆಗುತ್ತದಾ? — ಅದೇ ಧಾರವಾಡದ ಓದುಗರು

ಅಯ್ಯೋ, ಪೇಡಾ ಬೇಡ. ಹಾಲಿನ ಪದಾರ್ಥವನ್ನು ಹೊರಗಿನಿಂದ ಕೈಯಲ್ಲಿ ತರಲು ಯುರೋಪಿನ ಒಕ್ಕೂಟದ ದೇಶಗಳಲ್ಲಿ ಬಿಡುವುದಿಲ್ಲ. ಕಸ್ಟಮ್ಸ್‌ನವರು ಡಬ್ಬಿ ತೆಗೆದು ಬುಟ್ಟಿಗೆ ಹಾಕುವಾಗ ಹೊಟ್ಟೆ ಉರಿಯುತ್ತದೆ. ಮೈಸೂರ್ ಸ್ಯಾಂಡಲ್ ಸೋಪು ಒಯ್ಯಿರಿ. ಒಂದು ಡಜನ್ ಇದ್ದರೆ ಸಾಕು. ಒಡೆಯುವುದಿಲ್ಲ, ಕೆಡುವುದಿಲ್ಲ, ಬಟ್ಟೆಯೂ ಘಮ್ಮೆನ್ನುತ್ತದೆ. ಕೊಡುವ ಮುಂಚೆ ಪ್ರತಿ ಡಬ್ಬಿಯ ಹಿಂದೆ ಒಂದು ಚೀಟಿ ಅಂಟಿಸಿ. ನಿಮ್ಮ ಹೆಸರು, ಲೈಬ್ರರಿಯ ಹೆಸರು, ಮೇಲ್ ವಿಳಾಸ, ಕೆಳಗೆ ಒಂದು ಸಾಲು: ಬಾಂಬೆ, ಮೈಸೂರು, ಕರ್ನಾಟಕದ ಹಳೇ ತೀರ್ಪು ಬೇಕಿದ್ದರೆ ಬರೆಯಿರಿ.